ವಿದ್ಯುತ್ತಿನಿಂದ ವಿಡಿಯೋ ಆಟದವರೆಗೆ: ಅನರ್ಥದಂಡವ್ರತದ ಬೆಳಕಿನಲ್ಲಿ

ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಗಾಣಗಿತ್ತಿ ಜಿನಾಲಯವಿದೆ. ಎರಡನೆಯ ಹರಿಹರನ ಕಾಲದಲ್ಲಿ ದಂಡನಾಯಕನಾಗಿದ್ದ ಇರುಗಪ್ಪನು 1385ರಲ್ಲಿ ಕುಂಥುಜಿನನಾಥನಿಗಾಗಿ ಈ ಚೈತ್ಯಾಲಯವನ್ನು ಕಟ್ಟಿಸಿದನೆಂಬುದಕ್ಕೆ ಎದುರಿನ ಕಂಬದ ಶಾಸನವೇ ಸಾಕ್ಷಿ. ಶಾಸನದ ಹೆಸರು ವಿದ್ವಾಂಸರಲ್ಲಿ ಉಳಿಯಿತು. ಜನರ ನಾಲಗೆಯಲ್ಲಿ ಉಳಿದದ್ದು ಗಾಣದವಳ ಹೆಸರು. ಗಾಣವೂ ಒಂದು ಯಂತ್ರವೇ. ಶ್ರಾವಕನು ಬಿಡತಕ್ಕ ಹದಿನೈದು ಕರ್ಮಾದಾನಗಳನ್ನು ಎಣಿಸಿದ ಪ್ರಾಚೀನ ಆಚಾರ್ಯರು ಎಳ್ಳು, ಕಬ್ಬು ಮೊದಲಾದವನ್ನು ಯಂತ್ರದಲ್ಲಿ ಅರೆಯುವ ಉದ್ಯೋಗಕ್ಕೆ ಯಂತ್ರಪೀಡನವೆಂಬ ಹೆಸರಿಟ್ಟು ಆ ಪಟ್ಟಿಯಲ್ಲಿ ಸೇರಿಸಿದ್ದಾರೆ. ಯಂತ್ರವನ್ನು ಕುರಿತ ವಿಚಾರ ಜೈನಧರ್ಮಕ್ಕೆ ಹೊಸದಲ್ಲವೆಂಬುದು ಇದರಿಂದ ತಿಳಿಯುತ್ತದೆ. ಆದರೆ ಇಂದು ಆ ವಿಚಾರ ನಡೆಯುತ್ತಿರುವ ರೀತಿ ಮಾತ್ರ ಪರಾಮರ್ಶೆಗೆ ಅರ್ಹವಾಗಿದೆ.

ಕಳೆದ ಶತಮಾನದ ಉತ್ತರಾರ್ಧದಿಂದ ಜೈನಸಂಘಗಳಲ್ಲಿ ನಡೆದುಬಂದ ದೊಡ್ಡ ವಾದವೆಂದರೆ ವಿದ್ಯುತ್ತು ಸಚಿತ್ತವೋ ಅಚಿತ್ತವೋ ಎಂಬುದು. ಉತ್ತರಾಧ್ಯಯನ, ಪ್ರಜ್ಞಾಪನಾ ಮೊದಲಾದ ಆಗಮಗಳು ಆಕಾಶದ ಮಿಂಚನ್ನು ತೇಜಸ್ಕಾಯ ಜೀವಗಳಲ್ಲಿ ಎಣಿಸಿವೆ. ತಂತಿಯಲ್ಲಿ ಹರಿಯುವುದೂ ಅದೇ ಮಿಂಚು. ಅದು ಸುಡುತ್ತದೆ, ಬೆಳಗುತ್ತದೆ. ಆದಕಾರಣ ಗುಂಡಿ ಒತ್ತಿದ ಕ್ಷಣದಲ್ಲೇ ಅಸಂಖ್ಯಾತ ಜೀವಗಳ ಹಿಂಸೆಯಾಗುತ್ತದೆ ಎಂಬುದು ಒಂದು ಪಕ್ಷ. ಮುನಿಗಳಲ್ಲಿ ಹಲವರು ಧ್ವನಿವರ್ಧಕವನ್ನೂ ಫ್ಯಾನನ್ನೂ ದೂರವಿಟ್ಟಿರುವುದು ಈ ನಂಬಿಕೆಯಿಂದ. ತೇರಾಪಂಥದ ಚಿಂತಕರು ಎತ್ತಿಹಿಡಿದ ಇನ್ನೊಂದು ಪಕ್ಷವು, ತಂತಿಯಲ್ಲಿ ಚಲಿಸುವುದು ಕೇವಲ ಪುದ್ಗಲ, ಬೆಂಕಿ ಉರಿಯಲು ಗಾಳಿ ಬೇಕು, ಗಾಳಿ ತೆಗೆದು ಮುಚ್ಚಿದ ಬಲ್ಬಿನೊಳಗೆ ತೇಜಸ್ಕಾಯವು ಬದುಕುವುದೆಂತು ಎಂದು ಕೇಳುತ್ತದೆ. ಆಚಾರ್ಯ ತುಳಸಿಯವರು 1980ರಲ್ಲಿ ವಾಹನದಲ್ಲಿ ಸಂಚರಿಸಬಲ್ಲ ಸಮಣ ಶ್ರೇಣಿಯನ್ನು ಆರಂಭಿಸಿದ್ದನ್ನು ನೆನೆದರೆ, ಈ ಪರಂಪರೆಯು ಹೊಸ ಸಾಧನಗಳನ್ನು ನೋಡುವ ಬಗೆ ವಿಶದವಾಗುತ್ತದೆ.

ಎರಡು ಪಕ್ಷಗಳಲ್ಲಿಯೂ ಪಾಂಡಿತ್ಯವಿದೆ, ಶ್ರದ್ಧೆಯಿದೆ. ಮಹಾವ್ರತಿಗಳಾದ ಮುನಿಗಳಿಗೆ ಏಕೇಂದ್ರಿಯ ಜೀವದ ಹಿಂಸೆಯೂ ವರ್ಜ್ಯವಾದುದರಿಂದ ಅವರ ಮಟ್ಟಿಗೆ ಈ ಪ್ರಶ್ನೆ ಅನಿವಾರ್ಯ. ಆದರೆ ಗೃಹಸ್ಥರು ಈ ವಾದವನ್ನು ತಮ್ಮದಾಗಿಸಿಕೊಂಡಾಗ ವಿಚಿತ್ರವಾದ ಫಲವೊಂದು ಹುಟ್ಟುತ್ತದೆ. ಸಚಿತ್ತವೆಂದವನು ಅಷ್ಟಮಿ ಚತುರ್ದಶಿಗಳಂದು ದೀಪವಾರಿಸಿ ಉಳಿದ ದಿನಗಳಲ್ಲಿ ಮನೆಯ ಎಲ್ಲ ಕೋಣೆಗಳನ್ನೂ ಬೆಳಗಿಸುತ್ತಾನೆ. ಅಚಿತ್ತವೆಂದವನಿಗಂತೂ ಎಲ್ಲ ದಿನವೂ ನಿರ್ಬಂಧವಿಲ್ಲ. ಇಬ್ಬರೂ ತಂತಿಯ ಒಳಗನ್ನು ನೋಡಿದರು. ತಂತಿ ಎಲ್ಲಿಂದ ಬಂತು, ಯಾವುದಕ್ಕಾಗಿ ಬಂತು ಎಂಬುದನ್ನು ನೋಡಲಿಲ್ಲ. ಈ ವಾದದ ಮುಖ್ಯವಾದ ಕೊರತೆ ಇದೇ.

ಎಲ್ಲಿಂದ ಬಂತೆಂಬುದನ್ನು ಹೊಸಪೇಟೆಯಲ್ಲಿ ಕಣ್ಣಾರೆ ಕಾಣಬಹುದು. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದಲ್ಲಿ ಹತ್ತಾರು ಹಳ್ಳಿಗಳು ಮುಳುಗಿದವು. 1957ರಿಂದ ಇಲ್ಲಿ ವಿದ್ಯುತ್ ಉತ್ಪಾದನೆ ಮೊದಲಾಯಿತು. ಅಣೆಕಟ್ಟಿನ ಬುಡದಲ್ಲಿಯೂ ಹಂಪಿಯ ಕಾಲುವೆಯ ಮೇಲೂ ಇರುವ ಬಲದಂಡೆಯ ಎರಡು ಆಗಾರಗಳ ಒಟ್ಟು ಸಾಮರ್ಥ್ಯ 72 ಮೆಗಾವಾಟ್. ಬೇಡಿಕೆಗೆ ಅದು ಸಾಲದೆ ಬಂದದ್ದು ಕುಡತಿನಿಯ ಉಷ್ಣ ಸ್ಥಾವರ. ಅದರ ಮೂರು ಘಟಕಗಳ ಸಾಮರ್ಥ್ಯ 1700 ಮೆಗಾವಾಟ್. ಅಲ್ಲಿ ಉರಿಯುವುದು ದೂರದಿಂದ ರೈಲಿನಲ್ಲಿ ಬರುವ ಕಲ್ಲಿದ್ದಲು. ತಂತಿಯಲ್ಲಿ ತೇಜಸ್ಕಾಯವಿದೆಯೋ ಇಲ್ಲವೋ, ಕುಡತಿನಿಯ ಕುಲುಮೆಯಲ್ಲಿ ಅದಿರುವುದನ್ನು ಎರಡೂ ಪಕ್ಷಗಳು ಒಪ್ಪಲೇಬೇಕು. ಇನ್ನು ಪಂಚೇಂದ್ರಿಯ ಜೀವಗಳ ಮಾತು. ಜಲಾಶಯದ ಕೆಳಗಿನಿಂದ ಕಂಪ್ಲಿಯ ಸೇತುವೆಯವರೆಗೆ ಹರಿಯುವ ಹೊಳೆಯ 34 ಕಿಲೋಮೀಟರನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. ಬಂಡೆಗಳ ನಡುವೆ ಮರಿಗಳನ್ನು ಸಾಕುವ ಆ ಪ್ರಾಣಿಗಳ ಬಾಳು ಹೊಳೆಯ ನೀರಿನ ಏರಿಳಿತಕ್ಕೆ ಕಟ್ಟಿಬಿದ್ದಿದೆ. ಆ ಏರಿಳಿತವು ಮನುಷ್ಯನ ಕೈಯಲ್ಲಿದೆ. ಏಕೇಂದ್ರಿಯದ ಬಗ್ಗೆ ಗ್ರಂಥಗಳನ್ನು ಬರೆದ ಸಮಾಜವು ಪಂಚೇಂದ್ರಿಯದ ಬಗ್ಗೆ ಒಂದು ಪುಟವನ್ನಾದರೂ ಬರೆಯಬೇಕಿತ್ತು.

ಹಾಗೆಂದು ಶ್ರಾವಕನು ವಿದ್ಯುತ್ತನ್ನೇ ತ್ಯಜಿಸಬೇಕೆಂದು ಅರ್ಥವಲ್ಲ. ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿಯೂ ಉಳಿದವನ್ನು ಯಥಾಶಕ್ತಿಯಾಗಿಯೂ ಬಿಡಬೇಕೆಂದರು. ಗಾಣಗಿತ್ತಿ ಜಿನಾಲಯವನ್ನು ಕಟ್ಟಿಸಿದವನು ಸೈನ್ಯವನ್ನು ನಡೆಸಿದ ದಂಡನಾಯಕನೆಂಬುದನ್ನು ಮರೆಯಬಾರದು. ಬಾವಿಯ ಪಂಪು, ಆಸ್ಪತ್ರೆಯ ಯಂತ್ರ, ಓದುವ ಮಗುವಿನ ದೀಪ ಇವು ಆರಂಭೀ ಹಿಂಸೆಯ ಮೇರೆಯೊಳಗಿನವು. ಮೇರೆ ಮೀರಿದ ಬಳಕೆಯನ್ನು ಅಳೆಯಲು ಬೇರೊಂದು ಅಳತೆಗೋಲು ಬೇಕು. ಅದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂದೋ ಕೊಟ್ಟಿದ್ದಾರೆ: ಅನರ್ಥದಂಡವಿರತಿ, ಅಂದರೆ ಪ್ರಯೋಜನವಿಲ್ಲದ ಪಾಪಕ್ರಿಯೆಯಿಂದ ಹಿಂದೆಗೆಯುವುದು. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂಬ ಅದರ ಐದು ಭೇದಗಳು ಇಂದಿನ ಯಂತ್ರಸೌಕರ್ಯಗಳನ್ನು ಕಂಡೇ ಬರೆದಂತಿವೆ.

ಪ್ರಮಾದಚರ್ಯೆಯನ್ನೇ ನೋಡಬಹುದು. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು ಅದರ ಲಕ್ಷಣ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು ಇದಕ್ಕೆ ಹೊರತಲ್ಲ. ರಾತ್ರಿಭೋಜನದ ವಿಷಯದಲ್ಲಿಯೂ ಇಂಥದೇ ಒಂದು ತರ್ಕ ಕೇಳಿಬರುತ್ತದೆ: ಹಿಂದೆ ಎಣ್ಣೆದೀಪದ ಮಂದ ಬೆಳಕಿನಲ್ಲಿ ಹುಳು ಕಾಣುತ್ತಿರಲಿಲ್ಲ, ಆದ್ದರಿಂದ ನಿಷೇಧ, ಈಗ ಟ್ಯೂಬ್‌ಲೈಟಿನಲ್ಲಿ ಎಲ್ಲವೂ ಕಾಣುವುದರಿಂದ ನಿಷೇಧ ಬೇಡ. ಮಳೆಗಾಲದ ಸಂಜೆ ಕಂಪ್ಲಿಯ ಗದ್ದೆಬಯಲಿನ ಯಾವುದೇ ಮನೆಯ ಜಗಲಿಯಲ್ಲಿ ಕುಳಿತವನಿಗೆ ಈ ತರ್ಕದ ಪೊಳ್ಳುತನ ತಾನಾಗಿ ತಿಳಿಯುತ್ತದೆ. ದೀಪ ಪ್ರಖರವಾದಷ್ಟೂ ಹುಳುಗಳು ಹೆಚ್ಚು. ಬೆಳಿಗ್ಗೆ ಅವನ್ನು ಪೊರಕೆಯಿಂದ ರಾಶಿ ಮಾಡಿ ಚೆಲ್ಲಬೇಕು. ಕಾಣುವ ಸೌಲಭ್ಯ ಕೊಟ್ಟ ಯಂತ್ರವೇ ಕೊಲ್ಲುವ ಸೌಲಭ್ಯವನ್ನೂ ಕೊಟ್ಟಿದೆ. ಹಳೆಯ ನಿಯಮದ ಕಾರಣ ಹೋಯಿತೆಂದು ಸಾರುವ ಮುನ್ನ ಹೊಸ ಕಾರಣ ಹುಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳುವುದು ವಿವೇಕ.

ಗಣಕಯಂತ್ರದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಶಾಸ್ತ್ರಗ್ರಂಥಗಳನ್ನು ಅಚ್ಚು ಹಾಕಿಸುವುದೇ ಅಪಚಾರವೆಂದು ದಿಗಂಬರ ಸಮಾಜದಲ್ಲಿ ಹಿಂದೆ ತೀವ್ರವಾದ ವಿರೋಧವಿತ್ತು. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಉಳಿದುಬಂದ ಧವಲಾ ಟೀಕೆಯ ಮೊದಲ ಸಂಪುಟ 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮುದ್ರಿತವಾದ ಮೇಲೆ ಅದನ್ನು ಓದದ ವಿದ್ವಾಂಸರಿಲ್ಲ. ಇಂದು ತಾಳೆಗರಿಗಳ ಚಿತ್ರಗಳನ್ನು ಗಣಕದಲ್ಲಿ ಉಳಿಸುವ ಕಾರ್ಯವೂ ಅದೇ ಜ್ಞಾನದಾನದ ಮುಂದುವರಿಕೆ. ಇದನ್ನು ಅನರ್ಥವೆನ್ನಲು ಯಾರಿಗೂ ಬಾಯಿ ಬಾರದು. ಆದರೆ ಗಣಕವೂ ಫೋನೂ ನಿರ್ಮಲ ವಸ್ತುಗಳು, ಹೊಗೆಯಿಲ್ಲ, ಧೂಳಿಲ್ಲ ಎಂಬ ಭಾವನೆಯೊಂದು ಪ್ರಚಲಿತವಾಗಿದೆ; ಅದನ್ನು ಒಪ್ಪುವುದು ಕಷ್ಟ. ಅವುಗಳ ಲೋಹ ನೆಲದಿಂದ ಬಂದದ್ದು, ಅವುಗಳ ಕರೆಂಟು ಕುಲುಮೆಯಿಂದ ಬಂದದ್ದು. ನೆಲ ಅಗೆಯುವುದೆಂದರೇನೆಂದು ತಿಳಿಯಲು ಸಂಡೂರಿಗೆ ಹೋದರೆ ಸಾಕು. ಭೂಮಿಯನ್ನು ಒಡೆಯುವ ಉದ್ಯೋಗವನ್ನು ಸ್ಫೋಟಕರ್ಮವೆಂದು ಕರ್ಮಾದಾನಗಳಲ್ಲಿ ಎಣಿಸಲಾಗಿದೆ. ಕಬ್ಬಿಣದ ಅದಿರಿಗೆ ಬೆಲೆ ಏರಿದ ವರ್ಷಗಳಲ್ಲಿ ಆ ಬೆಟ್ಟಸಾಲಿನ ಹಸಿರು ಕೆಂಪಾಯಿತು. 2011ರ ಜುಲೈಯಲ್ಲಿ ಲೋಕಾಯುಕ್ತ ವರದಿ ಹೊರಬಂದು, ಅದೇ ತಿಂಗಳು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು ತಡೆಯಬೇಕಾಯಿತು. ಮುಂದೆ ಮಿತಿಯೊಡನೆ ಅನುಮತಿ ದೊರೆಯಿತು. ಮಿತಿಯನ್ನು ಹಾಕಿದ್ದು ಮಾತ್ರ ನ್ಯಾಯಾಲಯ, ವ್ರತವಲ್ಲ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು ದ್ವಾರಗಳಿಂದ ಕರ್ಮ ಬರುತ್ತದೆಂದು ನಂಬುವವನು, ವರ್ಷಕ್ಕೊಂದು ಹೊಸ ಫೋನು ಕೊಳ್ಳುವಾಗ ತಾನು ಯಾವ ದ್ವಾರದಲ್ಲಿ ನಿಂತಿರುವೆನೆಂದು ಕೇಳಿಕೊಳ್ಳಬೇಕು.

ಕೊನೆಯದಾಗಿ ವಿಡಿಯೋ ಆಟಗಳು. ಪರದೆಯ ಮೇಲೆ ಕೊಂದರೆ ಯಾವ ಜೀವಿಯೂ ಸಾಯುವುದಿಲ್ಲ, ಆದಕಾರಣ ಪಾಪವಿಲ್ಲ ಎಂಬುದು ಆಡುವವರ ವಾದ. ಕನ್ನಡದ ಜೈನ ಓದುಗನಿಗೆ ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಜನ್ನನು 1209ರಲ್ಲಿ ರಚಿಸಿದ ಯಶೋಧರಚರಿತೆಯಲ್ಲಿ ಅರಸನು ತಾಯಿಯ ಒತ್ತಾಯಕ್ಕೆ ಮಣಿದು, ಜೀವವಿರುವ ಕೋಳಿಯ ಬದಲಿಗೆ ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಡುತ್ತಾನೆ. ರಕ್ತ ಹರಿಯಲಿಲ್ಲ, ಪ್ರಾಣ ಹೋಗಲಿಲ್ಲ. ಆದರೂ ತಾಯಿಮಗ ನವಿಲು, ನಾಯಿ ಮೊದಲಾದ ತಿರ್ಯಕ್ ಜನ್ಮಗಳಲ್ಲಿ ತೊಳಲಬೇಕಾಯಿತು. ದೊಡ್ಡ ಮೀನಿನ ಮೈಯಲ್ಲಿ ಮನೆಮಾಡಿದ್ದ ತಂದುಲಮತ್ಸ್ಯವು ಒಂದನ್ನೂ ಕೊಲ್ಲದೆ, ಎಲ್ಲವನ್ನೂ ಕೊಲ್ಲುವ ಮನಸ್ಸಿನಿಂದಲೇ ಏಳನೆಯ ನರಕಕ್ಕೆ ಇಳಿದ ಕಥೆಯೂ ಪ್ರಸಿದ್ಧ. ಪ್ರಾಣ ತೆಗೆಯುವ ಕ್ರಿಯೆಗಿಂತ ಮೊದಲು ಹಿಂಸೆಯು ಭಾವದಲ್ಲಿ ನಡೆಯುತ್ತದೆಂಬ ತತ್ತ್ವವು ಪರದೆಯ ಆಟಕ್ಕೂ ಅನ್ವಯಿಸುತ್ತದೆ.

ಆದರೆ ವಿರೋಧಿಗಳ ವಾದದಲ್ಲಿಯೂ ದೋಷವಿದೆ. ಎಲ್ಲ ಆಟಗಳೂ ಹಿಟ್ಟಿನ ಕೋಳಿಗಳೆಂದು ಅವರು ಸಾರಾಸಗಟಾಗಿ ಹೇಳಿಬಿಡುತ್ತಾರೆ. ಹಾಗಾದರೆ ಚದುರಂಗದ ಹಲಗೆಯ ಮೇಲೆ ಆನೆ ಕುದುರೆಗಳನ್ನು ಹೊಡೆಯುವುದೂ ಪಾಪವೇ? ಯಶೋಧರನು ಹಿಟ್ಟಿನ ಕೋಳಿಯನ್ನು ಕೋಳಿಯೆಂದೇ ಬಗೆದು, ಫಲವನ್ನು ಬಯಸಿ ಕತ್ತಿ ಎತ್ತಿದನು. ದೋಷ ಆ ಸಂಕಲ್ಪದಲ್ಲಿದೆ. ಚದುರಂಗದಲ್ಲಿ ಆನಂದ ಹುಟ್ಟುವುದು ಲೆಕ್ಕಾಚಾರದಿಂದ. ಎದುರಾಳಿಯ ಚೀತ್ಕಾರ, ಚಿಮ್ಮುವ ನೆತ್ತರು ಅಲ್ಲಿ ಬೇಕಾಗಿಲ್ಲ. ಅವೇ ಆಟದ ಸವಿಯಾದಾಗ ಅದು ತತ್ತ್ವಾರ್ಥಸೂತ್ರವು ಹೇಳುವ ರೌದ್ರಧ್ಯಾನದ ಮೊದಲ ಬಗೆಯಾಗುತ್ತದೆ, ಹಿಂಸೆಯಲ್ಲಿ ಆನಂದಪಡುವ ಚಿತ್ತವಾಗುತ್ತದೆ. ಅನರ್ಥದಂಡದ ಪರಿಭಾಷೆಯಲ್ಲಿ ಅದು ಅಪಧ್ಯಾನ. ಇಂಥ ಆಟವಾಡಿದ ಹುಡುಗ ಮುಂದೆ ಕೊಲೆಗಾರನಾಗುವನೋ ಇಲ್ಲವೋ ಎಂಬ ಚರ್ಚೆಯನ್ನು ಮನಶ್ಶಾಸ್ತ್ರಜ್ಞರು ಮಾಡಲಿ. ಜೈನರ ಆಕ್ಷೇಪ ಅದನ್ನು ಅವಲಂಬಿಸಿಲ್ಲ. ಹುಡುಗನ ಆತ್ಮದಲ್ಲಿ ಈಗಲೇ ಏನಾಗುತ್ತಿದೆ ಎಂಬುದಷ್ಟೇ ಅದರ ಪ್ರಶ್ನೆ. ಇನ್ನು ಹಣ ಪಣಕ್ಕಿಡುವ ಆಟಗಳ ಬಗ್ಗೆ ವಾದಕ್ಕೆ ಎಡೆಯೇ ಇಲ್ಲ. ಸಪ್ತವ್ಯಸನಗಳಲ್ಲಿ ಮೊದಲನೆಯದು ಜೂಜು. ಬೇಟೆಯೂ ಅದೇ ಪಟ್ಟಿಯಲ್ಲಿದೆ. ಅಂಗೈಯಗಲದ ಪರದೆಯಲ್ಲಿ ಎರಡೂ ಒಟ್ಟಿಗೆ ದೊರೆಯುತ್ತವೆ.

ಸರ್ಕಾರ ನಿಷೇಧಿಸಿದರೆ ಸಾಕೆಂದು ಕೆಲವರು ನೆಚ್ಚಿಕೊಂಡಿದ್ದಾರೆ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ಆಟವನ್ನು ಕೇಂದ್ರ ಸರ್ಕಾರ ನಿಷೇಧಿಸಿತು; ಕೊಟ್ಟ ಕಾರಣ ದೇಶದ ಭದ್ರತೆಯೇ ಹೊರತು ಆಟದೊಳಗಿನ ಕೊಲೆಯಲ್ಲ. ಮರುವರ್ಷವೇ ಅದೇ ಬಗೆಯ ಆಟ ಬೇರೆ ಹೆಸರಿನಲ್ಲಿ ಬಂತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಸ್ವಾಗತಾರ್ಹವಾದರೂ ಅದು ಹಣದ ನಷ್ಟವನ್ನು ಕಂಡ ಕಾನೂನು. ಭಾವವನ್ನು ಕಾಯುವುದು ಕಾನೂನಿನ ಕೆಲಸವಲ್ಲ. ಮಗು ಅಳಬಾರದೆಂದು ಅದರ ಕೈಗೆ ಫೋನು ಕೊಟ್ಟು ತಾನು ಸಾಮಾಯಿಕಕ್ಕೆ ಕೂರುವ ಗೃಹಸ್ಥನು, ಆಯುಧವನ್ನು ಇನ್ನೊಬ್ಬರಿಗೆ ಕೊಡುವ ಹಿಂಸಾದಾನಕ್ಕೆ ತನ್ನ ನಡೆ ಎಷ್ಟು ಹತ್ತಿರವಾಗಿದೆಯೆಂದು ಯೋಚಿಸಬೇಕು.

ಅನರ್ಥದಂಡದ ಅಳತೆಗೋಲಿಗೂ ಒಂದು ಆಕ್ಷೇಪವಿದೆ, ಮತ್ತು ಅದು ಹುರುಳುಳ್ಳದ್ದು. ಪ್ರಯೋಜನವೆಂಬುದನ್ನು ನಿರ್ಣಯಿಸುವವರು ಯಾರು? ತನ್ನ ಬಳಕೆ ಅನರ್ಥವೆಂದು ಯಾವನೂ ಹೇಳಿಕೊಳ್ಳುವುದಿಲ್ಲ. ಸಂಡೂರಿನ ಅದಿರಿಗೂ ಒಂದು ಪ್ರಯೋಜನವಿತ್ತು. ಇದಕ್ಕಾಗಿಯೇ ಸಮಂತಭದ್ರರು ಈ ವ್ರತವನ್ನು ಒಂಟಿಯಾಗಿ ಬಿಡದೆ ಭೋಗೋಪಭೋಗಪರಿಮಾಣವ್ರತದ ಪಕ್ಕದಲ್ಲಿ ಇಟ್ಟರು. ಆಸೆ ಹುಟ್ಟಿದ ಮೇಲೆ ಮನಸ್ಸು ಕಾರಣಗಳನ್ನು ಕಟ್ಟುತ್ತದೆ. ಅದಕ್ಕೆ ಮೊದಲೇ, ಶಾಂತಚಿತ್ತದಲ್ಲಿ, ಇಷ್ಟು ಮತ್ತು ಇಷ್ಟೇ ಎಂದು ಎಣಿಸಿ ಇಟ್ಟುಕೊಂಡರೆ ಪ್ರಯೋಜನದ ಮಾತು ಹಿಗ್ಗುವುದಿಲ್ಲ. ಮನೆಯ ಒಂದು ತಿಂಗಳ ಯೂನಿಟ್ಟುಗಳೆಷ್ಟು, ಒಂದು ಫೋನು ಎಷ್ಟು ವರ್ಷ, ಪರದೆಯ ಮುಂದೆ ಎಷ್ಟು ಹೊತ್ತು, ಹೊತ್ತು ಮುಳುಗಿದ ಮೇಲೆ ಯಾವ ದೀಪ: ಈ ನಾಲ್ಕು ಲೆಕ್ಕಗಳನ್ನು ಪರ್ವದಿನದಂದು ಕುಟುಂಬದವರೆಲ್ಲ ಕುಳಿತು ಬರೆದಿಡಬಹುದು. ಮೀಟರಿನ ಬಿಲ್ಲು ತಿಂಗಳಿಗೊಮ್ಮೆ ಬಂದು ಪ್ರತಿಕ್ರಮಣಕ್ಕೆ ನೆನಪು ಮಾಡುತ್ತದೆ. ಸಚಿತ್ತಾಚಿತ್ತದ ವಾದ ಮುನಿಸಭೆಗಳಲ್ಲಿ ನಡೆಯಲಿ, ಇನ್ನೊಂದು ಶತಮಾನ ಬೇಕಾದರೂ ನಡೆಯಲಿ. ಯಾರೂ ಇಲ್ಲದ ಕೋಣೆಯ ದೀಪವನ್ನು ಆರಿಸಲು ಶ್ರಾವಕನು ಅದರ ತೀರ್ಪಿಗಾಗಿ ಕಾಯಬೇಕಿಲ್ಲ.