ಯೋಗದ ಪದಗಳು, ಪ್ರಾರ್ಥನೆಯ ನುಡಿ

ಜೂನ್ 21ರ ಅಂತರರಾಷ್ಟ್ರೀಯ ಯೋಗ ದಿನದ ಆಚರಣೆ 2015ರಲ್ಲಿ ಆರಂಭವಾದ ಬಳಿಕ ಆಸನ, ಪ್ರಾಣಾಯಾಮ, ಧ್ಯಾನ ಎಂಬ ಪದಗಳು ಕಲಬುರಗಿ ನಗರದಲ್ಲಿಯೂ ಕಮಲಾಪುರದಂತಹ ಊರಿನಲ್ಲಿಯೂ ಮಕ್ಕಳ ಬಾಯಲ್ಲಿ ಬಳಕೆಯಾಗತೊಡಗಿವೆ. ಅವನ್ನು ಉಚ್ಚರಿಸಿದರೆ ವಿಶ್ವಾಸಕ್ಕೆ ಧಕ್ಕೆ ಎಂದು ಅಂಜುವ ತಂದೆತಾಯಿಯರು ನಮ್ಮಲ್ಲಿದ್ದಾರೆ. ಅದು ಬರಿಯ ವ್ಯಾಯಾಮ, ಪದದಲ್ಲೇನಿದೆ ಎನ್ನುವವರೂ ಇದ್ದಾರೆ. ಇಬ್ಬರೂ ಪದಗಳ ಅರ್ಥವನ್ನು ವಿಚಾರಿಸುವುದಿಲ್ಲ.

ಈ ವಿಚಾರಣೆಗೆ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರರ ‘ಲೈಟ್ ಆನ್ ಯೋಗ’ (1966) ಉತ್ತಮ ಆಧಾರ. ಆಸನಗಳ ಚಿತ್ರಗಳಿಂದಲೇ ಪ್ರಸಿದ್ಧವಾದ ಈ ಕೃತಿಯ ನಿಜವಾದ ಹಿರಿಮೆ ಅದರ ಪೀಠಿಕೆಯಲ್ಲಿದೆ. ಪತಂಜಲಿಯ ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಅದಕ್ಕೂ ಮೊದಲು ಯಮ ಮತ್ತು ನಿಯಮ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಇವು ಐದು ಯಮಗಳು. ಕೊಲ್ಲದಿರುವುದು, ಕದಿಯದಿರುವುದು, ಪರರದಕ್ಕೆ ಆಸೆಪಡದಿರುವುದು ದಶಾಜ್ಞೆಗಳನ್ನು ಕಲಿತ ನಮಗೆ ಅಪರಿಚಿತವೇ? ಶೀಲವಿಲ್ಲದೆ ಮೈ ಬಾಗಿಸುವುದು ಯೋಗವಲ್ಲವೆಂದು ಈ ಪೀಠಿಕೆಯಿಂದ ತಿಳಿಯುತ್ತದೆ.

ಆದರೆ ಒಂದೆಡೆ ಈ ಕೃತಿಯನ್ನು ಎಚ್ಚರದಿಂದ ಓದಬೇಕು. ಯೋಗವು ‘ಯುಜ್’ ಧಾತುವಿನಿಂದ ಬಂದುದು, ಕೂಡಿಸುವುದು ಎಂದರ್ಥ, ದೇವರ ಚಿತ್ತದೊಡನೆ ನಮ್ಮ ಚಿತ್ತ ಒಂದಾಗುವುದೇ ಯೋಗ ಎಂದು ಅಯ್ಯಂಗಾರರು ವಿವರಿಸುತ್ತಾರೆ. ನೊಗ ಎಂಬರ್ಥದ ಸಂಸ್ಕೃತದ ‘ಯುಗ’ವೂ ಅದೇ ಧಾತುವಿನದು. ಎತ್ತಿನ ಹೆಗಲ ನೊಗವನ್ನು ಕಂಡ ಕಮಲಾಪುರದ ರೈತನಿಗೆ, ತನ್ನ ನೊಗವನ್ನು ಹೊರಲು ಕರೆವ ಪ್ರಭುವಿನ ಮಾತು (ಮತ್ತಾಯ 11) ಇಲ್ಲಿ ನೆನಪಾದರೆ ಸಹಜ. ಆದರೆ ಯೋಗಸೂತ್ರಗಳ ಪ್ರಾಚೀನ ಭಾಷ್ಯಕಾರ ವ್ಯಾಸರು ಯೋಗವೆಂದರೆ ಸಮಾಧಿ ಎನ್ನುತ್ತಾರೆ. ಅಲ್ಲಿಯ ಕೊನೆಯ ಗುರಿ ಕೈವಲ್ಯ, ಅಂದರೆ ಪ್ರಕೃತಿಯಿಂದ ಬಿಡಿಸಿಕೊಂಡ ಪುರುಷನ ಕೇವಲತೆ. ಕ್ರೈಸ್ತನ ಗುರಿಯಾದರೋ ತಂದೆಯೊಡನೆ ಪ್ರೀತಿಯ ಬಾಂಧವ್ಯ. ಅಯ್ಯಂಗಾರರ ಭಕ್ತಿಪರ ವಿವರಣೆ ಹೃದ್ಯವಾದರೂ ಈ ಅಂತರವನ್ನು ಮಸುಕಾಗಿಸುತ್ತದೆ.

ಹಾಗೆಂದು ಪದಗಳಿಗೇ ಅಂಜಬೇಕೇ? ನಮ್ಮ ನುಡಿಯನ್ನೇ ನೋಡೋಣ. ತಪಸ್ಸುಕಾಲ, ಧ್ಯಾನಕೂಟ, ಜಪಸರ, ದೀಕ್ಷಾಸ್ನಾನ: ಇವೆಲ್ಲ ಈ ನೆಲದ ಸಾಧಕರ ಮಾತುಗಳೇ. ಕಲಬುರಗಿಯ ಶರಣಬಸವೇಶ್ವರ ಗುಡಿಯಲ್ಲಿರುವುದು ಶರಣರ ಸಮಾಧಿ. ಪತಂಜಲಿಯ ಎಂಟನೆಯ ಅಂಗವೂ ಸಮಾಧಿ. ಪಾಸ್ಕದ ಮುಂಜಾನೆ ಸ್ತ್ರೀಯರು ಬರಿದಾಗಿ ಕಂಡದ್ದೂ ಸಮಾಧಿಯನ್ನೇ. ಪದ ಒಂದೇ, ಅದು ಹೊತ್ತ ವಿಶ್ವಾಸ ಬೇರೆ ಬೇರೆ.

ಧರ್ಮಸಭೆಯ ನಿಲುವೂ ಇದೇ ವಿವೇಕದ್ದು. ಕ್ರೈಸ್ತ ಧ್ಯಾನವನ್ನು ಕುರಿತು ವ್ಯಾಟಿಕನ್ನಿನ ವಿಶ್ವಾಸಬೋಧನಾ ಪೀಠವು 1989ರಲ್ಲಿ ಧರ್ಮಾಧ್ಯಕ್ಷರಿಗೆ ಬರೆದ ಪತ್ರವು ಪೂರ್ವದೇಶಗಳ ಧ್ಯಾನಕ್ರಮಗಳನ್ನು ಅವು ಕ್ರೈಸ್ತೇತರ ಎಂಬ ಕಾರಣಕ್ಕೇ ತಳ್ಳಿಹಾಕಬಾರದೆಂದಿತು. ಅಂತೆಯೇ, ದೇಹಕ್ಕೆ ದೊರೆತ ಹಿತಾನುಭವವನ್ನು ಪವಿತ್ರಾತ್ಮರ ಸಾಂತ್ವನವೆಂದು ಭ್ರಮಿಸಬಾರದೆಂದೂ ಎಚ್ಚರಿಸಿತು.

ಆದ್ದರಿಂದ ಮಗುವು ಶಾಲೆಯಿಂದ ಹೊಸ ಪದವೊಂದನ್ನು ಮನೆಗೆ ತಂದಾಗ ಗದರುವುದೂ ಬೇಡ, ನಕ್ಕು ಸುಮ್ಮನಾಗುವುದೂ ಬೇಡ. ಜೊತೆಗೆ ಕುಳಿತು ಅದರ ಅರ್ಥವನ್ನು ತಿಳಿಸೋಣ; ಅದೇ ಪದವನ್ನು ನಾವು ಯಾರ ಸನ್ನಿಧಿಯಲ್ಲಿ ನುಡಿಯುತ್ತೇವೆ ಎಂಬುದನ್ನೂ ಹೇಳೋಣ. ನೆರೆಯವರ ನುಡಿಯನ್ನು ಗೌರವಿಸಲು ಕಲಿತ ಮಗು ತನ್ನ ಪ್ರಾರ್ಥನೆಯನ್ನೂ ಅರಿತು ಮಾಡೀತು.