ಸರ್ವರನ್ನೇ ಕೇಳಬೇಕು

ಮಳೆ ಹಿಡಿಯುವ ಹೊತ್ತಿಗೆ ಸೋಂದಾದ ಮುಂಡಿಗೆಕೆರೆಗೆ ಬೆಳ್ಳಕ್ಕಿಗಳು ಗೂಡು ಕಟ್ಟಲು ಬರುತ್ತವೆ. ಅವುಗಳ ವಿಡಿಯೊಗಳನ್ನು ಗೆಳೆಯರೊಬ್ಬರ ಎಫ್‌ಟಿಪಿ (ಫೈಲ್ ವರ್ಗಾವಣೆಯ) ಸರ್ವರಿಗೆ ಏರಿಸುತ್ತಿದ್ದೆ. ಅದೇ ಮಳೆಗೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕೂ. ಮುಕ್ಕಾಲು ಪಾಲು ಹೋಗಿದ್ದ ಫೈಲನ್ನು ಮತ್ತೆ ಮೊದಲಿನಿಂದ ಕಳಿಸಿದ ರಾತ್ರಿಗಳು ಎಷ್ಟೋ. ನಿಂತಲ್ಲಿಂದ ಮುಂದುವರಿಸುವ 'ರೆಸ್ಟ್' ಕಮಾಂಡ್ ಆ ಸರ್ವರಿಗೆ ಗೊತ್ತಿತ್ತು. ಕೇಳಿ ನೋಡಬೇಕೆಂಬುದು ನನಗೆ ಗೊತ್ತಿರಲಿಲ್ಲ.

ಕೇಳುವ ಹಳೆಯ ದಾರಿ 'ಹೆಲ್ಪ್'. ಹೊಸಬರು ಎಡವುವುದು ಇಲ್ಲಿಯೇ. ಟರ್ಮಿನಲ್‌ನಲ್ಲಿ 'ಹೆಲ್ಪ್' ಎಂದು ಟೈಪಿಸಿದರೆ ಉತ್ತರ ಕೊಡುವುದು ನಮ್ಮ ಕಂಪ್ಯೂಟರಿನೊಳಗಿನ ಕ್ಲೈಂಟ್, ದೂರದ ಸರ್ವರ್ ಅಲ್ಲ. 'ಪುಟ್', 'ಗೆಟ್' ಎಲ್ಲ ಕ್ಲೈಂಟಿನ ಮಾತು. ಸರ್ವರಿಗೆ ತಲುಪುವುದು 'ಸ್ಟೋರ್', 'ರೆಟರ್' ಎಂದು. ಸರ್ವರಿನ ಪಟ್ಟಿಯೇ ಬೇಕಿದ್ದರೆ 'ರಿಮೋಟ್‌ಹೆಲ್ಪ್' ಎನ್ನಬೇಕು. ಆಗ 214 ಎಂಬ ಸಂಖ್ಯೆಯೊಡನೆ ಪಟ್ಟಿ ಬರುತ್ತದೆ. ಹೆಸರು ಗೊತ್ತಿದ್ದರೂ ಮಾಡಲಾರದ ಕಮಾಂಡಿನ ಪಕ್ಕ ಕೆಲವು ಹಳೆಯ ಸರ್ವರುಗಳು ನಕ್ಷತ್ರ ಚಿಹ್ನೆ ಹಾಕುತ್ತವೆ. ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಆದರೆ ಪಟ್ಟಿಯ ರೂಪ ಸರ್ವರಿನಿಂದ ಸರ್ವರಿಗೆ ಬೇರೆ. ಮನುಷ್ಯರು ಓದಬಹುದು, ಪ್ರೋಗ್ರಾಮುಗಳು ನಂಬುವಂತಿಲ್ಲ.

ಐಐಟಿ ಕಾನ್ಪುರದಲ್ಲಿ ಓದಿದ ಅಭಯ್ ಭೂಷಣ್ ಎಫ್‌ಟಿಪಿಯ ಮೊದಲ ಕರಡು ಬರೆದದ್ದು 1971ರಲ್ಲಿ. ಯಂತ್ರವೂ ಓದಬಲ್ಲ ಉತ್ತರ ಕೊಡುವ 'ಫೀಟ್' ಬಂದದ್ದು 1998ರಲ್ಲಿ. ಇಷ್ಟು ಸರಳ ಪ್ರಶ್ನೆಗೆ 27 ವರ್ಷ ಕಾಯಬೇಕಾಯಿತು! ಅದರ ಉತ್ತರದಲ್ಲಿ ಸಾಲಿಗೊಂದು ಸೌಲಭ್ಯ. 'ಯುಟಿಎಫ್8' ಎಂಬ ಸಾಲು ನಮ್ಮಂಥವರಿಗೆ ಮುಖ್ಯ. ಅದಿಲ್ಲದ ಸರ್ವರಿನಲ್ಲಿ 'ಬೆಳ್ಳಕ್ಕಿ' ಎಂಬ ಫೈಲಿನ ಹೆಸರು ಗುರುತೇ ಸಿಗದಂತಾಗಬಹುದು. 'ಸ್ಟೋರ್' ಅಲ್ಲಿ ಕಾಣದಿದ್ದರೆ ಗಾಬರಿ ಬೇಡ. 1985ರ ಎಫ್‌ಟಿಪಿ ನಿಯಮದಲ್ಲಿರುವುದನ್ನು 'ಫೀಟ್' ಹೇಳುವುದಿಲ್ಲ, ಆಮೇಲೆ ಸೇರಿದ್ದನ್ನಷ್ಟೇ ಹೇಳುತ್ತದೆ.

ನನ್ನ ತಕರಾರು ಬೇರೆ. 'ರೆಸ್ಟ್ ಸ್ಟ್ರೀಮ್' ಎಂಬ ಸಾಲು, ಮುಂದುವರಿಸಬಹುದಾದದ್ದು ಇಳಿಸುವಾಗಲೋ ಏರಿಸುವಾಗಲೋ ಎಂದು ಬಿಡಿಸಿ ಹೇಳುವುದಿಲ್ಲ. ಪ್ರೊಎಫ್‌ಟಿಪಿಡಿ ಎಂಬ ಸರ್ವರಿನಲ್ಲಿ ಇಳಿಸುವುದನ್ನು ಮುಂದುವರಿಸಲು ಮೊದಲೇ ಅನುಮತಿ ಇರುತ್ತದೆ. ಏರಿಸುವುದಕ್ಕೆ ಸರ್ವರ್ ನೋಡಿಕೊಳ್ಳುವವರು ಬೇರೆಯಾಗಿ ಅವಕಾಶ ಕೊಡಬೇಕು. ಸೋಂದಾದಿಂದ ಕಳಿಸುವವನಿಗೆ ಬೇಕಾದದ್ದು ಎರಡನೆಯದೇ.

ಹಾಗಾಗಿ ಈಗ ಮೊದಲು ಒಂದು ಚಿಕ್ಕ ಫೈಲ್ ಕಳಿಸಿ, ಅರ್ಧದಲ್ಲಿ ನಾನೇ ನೆಟ್ ತೆಗೆಯುತ್ತೇನೆ. ಮತ್ತೆ ಜೋಡಿಸಿ, ಎಷ್ಟು ಬೈಟ್ ತಲುಪಿದೆ ಎಂದು 'ಸೈಜ್' ಕೇಳಿ, ಅಲ್ಲಿಂದ ಮುಂದುವರಿಸುತ್ತೇನೆ. ಎರಡೂ ಕಡೆಯ ಗಾತ್ರ ತಾಳೆಯಾದರೆ ಮಾತ್ರ ಬೆಳ್ಳಕ್ಕಿಗಳ ವಿಡಿಯೊ ಹೊರಡುತ್ತದೆ.