‘ಕೀವು’ ಶಬ್ದವಿಚಾರ

ಕೊಳೆತ ವ್ರಣದಿಂದ ಹೊರಡುವ ದ್ರವಕ್ಕೆ ಕನ್ನಡದಲ್ಲಿ ‘ಕೀವು’ ಎಂದೂ ಸಂಸ್ಕೃತ ವೈದ್ಯಗ್ರಂಥಗಳಲ್ಲಿ ‘ಪೂಯ’ ಎಂದೂ ಹೆಸರು. ಅರ್ಥವೊಂದೇ ಆದುದರಿಂದ ಕೀವೆಂಬುದು ಪೂಯದ ತದ್ಭವವೆಂದು ಊಹಿಸುವುದು ಸುಲಭ. ವರ್ಣವಿಕಾರದ ನಿಯಮವು ಅದಕ್ಕೆ ಒಡಂಬಡದು. ಪದಾದಿಯ ಪಕಾರವು ಕನ್ನಡದಲ್ಲಿ ಹಕಾರವಾಗುವುದುಂಟು, ಪಾಲು ಹಾಲಾದಂತೆ, ಕಕಾರವಾಗುವ ಮಾರ್ಗವಿಲ್ಲ. ಊಕಾರವು ಈಕಾರವಾಗುವುದಕ್ಕೂ ಇಲ್ಲಿ ನಿಮಿತ್ತವು ತೋರದು.

ಸೋದರಭಾಷೆಗಳನ್ನು ನೋಡಿದರೆ ಸಂದೇಹವು ನಿಲ್ಲದು. ತುಳುವಿನಲ್ಲಿ ಕೀವು, ತೆಲುಗಿನಲ್ಲಿ ಚೀಮು, ತಮಿಳಿನಲ್ಲಿ ಚೀ. ಇಕಾರ ಎಕಾರಗಳು ಪರವಾದಲ್ಲಿ ಕನ್ನಡದ ಕಕಾರಕ್ಕೆ ತಮಿಳಿನಲ್ಲಿ ಚಕಾರವು ಬರುವುದು ವಾಡಿಕೆ: ಕಿವಿಗೆ ಚೆವಿ, ಕೆಯ್ ಎಂಬುದಕ್ಕೆ ಚೆಯ್, ಕಿಱಿದಕ್ಕೆ ಚಿಱಿದು. ಎರವಲು ಶಬ್ದವು ಇಷ್ಟು ಕ್ರಮವಾಗಿ ಮನೆಮನೆಯ ಉಡುಪನ್ನು ತೊಡುವುದಿಲ್ಲ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿಕೋಶವು (1961) ಇವೆಲ್ಲವನ್ನೂ ಒಂದೆಡೆಯಲ್ಲಿಯೇ ಇರಿಸಿದೆ. ಮಲಯಾಳದ ‘ಚೀಯು’ ಎಂಬ ಕ್ರಿಯೆಗೆ ಕೊಳೆಯುವುದೆಂದು ಅರ್ಥ. ಆದುದರಿಂದ ಕೊಳೆತುದೇ ಕೀವು.

ಪೂಯಕ್ಕೂ ಭಾವವು ದೂರವಲ್ಲ. ‘ಪೂಯ್’ ಧಾತುವಿಗೆ ಶಿಥಿಲವಾಗುವುದು, ನಾರುವುದು ಎಂದು ಅರ್ಥ. ಲ್ಯಾಟಿನ್ ಭಾಷೆಯ ‘ಪೂಸ್’ ಇದರ ದಾಯಾದಿ. ಎರಡು ಭಾಷಾಕುಲಗಳು ಬೇರೆಬೇರೆಯಾಗಿಯೇ ಒಂದು ಭಾವದಿಂದ ಹೆಸರಿಟ್ಟುವೆಂಬುದು ಯುಕ್ತ. ಅರ್ಥಸಾಮ್ಯವೊಂದರಿಂದಲೇ ಜನ್ಯಜನಕಭಾವವು ಸಿದ್ಧಿಸದು.

ಇದಕ್ಕಿಂತ ಹಾನಿಕರವಾದ ಪ್ರಮಾದವು ಇನ್ನೊಂದುಂಟು. ಸುಶ್ರುತಸಂಹಿತೆಯ ‘ಆಸ್ರಾವ’ ಶಬ್ದವನ್ನೂ ಕೀವೆಂದೇ ಕನ್ನಡಿಸುವುದು ಸಲ್ಲದು. ಸೂತ್ರಸ್ಥಾನದ 22ನೆಯ ಅಧ್ಯಾಯದಲ್ಲಿ ಆ ಗ್ರಂಥಕಾರನು ತ್ವಚೆ, ಮಾಂಸ, ಸಿರೆ, ಸ್ನಾಯು, ಅಸ್ಥಿ, ಸಂಧಿ, ಕೋಷ್ಠ, ಮರ್ಮ ಎಂಬ 8 ವ್ರಣಸ್ಥಾನಗಳನ್ನು ಹೇಳಿ ಒಂದೊಂದರ ಸ್ರಾವವನ್ನು ವಿಂಗಡಿಸಿದ್ದಾನೆ. ತ್ವಚೆಯದು ನೀರಿನಂತೆ ತೆಳುವಾಗಿ ತುಸು ಹಳದಿಯಾಗಿರುವುದು. ಮಾಂಸದ್ದು ತುಪ್ಪದಂತೆ ಮಂದವಾಗಿ, ಬೆಳ್ಳಗೆ, ಲೋಳೆಯಾಗಿರುವುದು. ತರಚಿದ ಚರ್ಮದ ನೀರನ್ನು ಕೀವೆಂದು ಕರೆದರೆ, ನೋಡಿ ಸ್ಥಾನವನ್ನರಿಯಬೇಕಾದ ವೈದ್ಯನಿಗೆ ಉಳಿಯುವುದೇನು? ಪೂಯವಾದರೋ ಪಕ್ವವಾದ ಶೋಫದಲ್ಲಿ ಕಾಣುವುದು. ವಾತವಿಲ್ಲದೆ ನೋವಿಲ್ಲ, ಪಿತ್ತವಿಲ್ಲದೆ ಪಾಕವಿಲ್ಲ, ಕಫವಿಲ್ಲದೆ ಪೂಯವಿಲ್ಲ ಎಂಬುದು 17ನೆಯ ಅಧ್ಯಾಯದ ಮತ. ಬಲಿಯದ ಬಾವನ್ನು ಕೊಯ್ಯುವವನನ್ನೂ ಬಲಿತುದನ್ನು ಉಪೇಕ್ಷಿಸುವವನನ್ನೂ ಅಲ್ಲಿಯೇ ಸಮನಾಗಿ ನಿಂದಿಸಿದೆ. ‘ಕುರು ಹಣ್ಣಾಯಿತು’ ಎನ್ನುವ ಹಳ್ಳಿಯ ಮಾತಿನಲ್ಲಿ ಈ ಪಾಕದ ಕಲ್ಪನೆಯು ಇಂದಿಗೂ ಜೀವಂತವಾಗಿದೆ.

ಪೂಯಕ್ಕೆ ಕೀವೆಂಬುದೇ ಸರಿ. ಆಸ್ರಾವಕ್ಕೆ ‘ಒಸರು’ ಎಂಬ ಅಚ್ಚಗನ್ನಡ ಮಾತು ಇದ್ದೇ ಇದೆ.